ಅರ್ಧ ಇಂಚು ಉದ್ದದ ತೋಳು

ಆ ಬೀದಿಯಲ್ಲಿ ಟೈಲರಮ್ಮ ಎಂದರೆ ಒಬ್ಬಳೇ. ಓದಿದ್ದು ನಾಲ್ಕನೇ ಕ್ಲಾಸು. ಕೆಲಸ ಕಲಿಸಿದ್ದು ಗಂಡ. ಒಂಬತ್ತು ವರ್ಷದ ಹಿಂದೆ, ಹೇಳಿದ ದಿನಕ್ಕೆ ಪ್ಯಾಂಟು ಕೊಡಲಿಲ್ಲವೆಂದು ಗಿರಾಕಿಯೊಬ್ಬ ಜಗಳ ತೆಗೆದ. ಮಾತಿಗೆ ಮಾತು ಬೆಳೆಯಿತು. ಮೇಜಿನ ಮೇಲಿದ್ದ ಕತ್ತರಿ ಎತ್ತಿ ಅವಳ ಗಂಡನ ಎದೆಗೆ ಚುಚ್ಚಿದ. ಅವಳು ಒಳಗೆ ಗುಂಡಿ ಹೊಲಿಯುತ್ತಿದ್ದಳು. ಗಿರಾಕಿಗೆ ಜೀವಾವಧಿ ಆಯಿತು. ಅವಳಿಗೆ ಅಂಗಡಿ ಉಳಿಯಿತು.

ಎರಡು ವರ್ಷದ ಹಿಂದೆ ಠಾಣೆಯ ರೈಟರು ಅಂಗಡಿಗೆ ಬಂದಿದ್ದ. ಅವಳು ಒಬ್ಬಾಕೆಯ ಉಡುಪಿಗೆ ಪಿನ್ನು ಚುಚ್ಚುತ್ತಿದ್ದಳು. ಬಾಯಲ್ಲಿ ಆರೇಳು ಪಿನ್ನು.

"ಅವನು ಪೆರೋಲ್ ಕೇಳಿದಾನಮ್ಮ, ಮೂವತ್ತು ದಿನ. ನಿಮ್ಮದೇನೂ ತಕರಾರಿಲ್ಲ ತಾನೇ?"

ಇರಿ, ಮುಗಿಸಿ ಹೇಳ್ತೀನಿ ಎನ್ನುವಂತೆ ತಲೆ ಆಡಿಸಿದಳು. ಪಿನ್ನು ಮುಗಿಯುವಷ್ಟರಲ್ಲಿ ಅವನು ತಕರಾರಿಲ್ಲ ಎಂದು ಬರೆದುಕೊಂಡು ಹೋಗಿಯಾಗಿತ್ತು. ಆ ಮೂವತ್ತು ದಿನ ಅವಳು ಅಂಗಡಿ ತೆರೆಯಲಿಲ್ಲ. ಕೊಂದವನು ಎದುರುಗಡೆ ನಿಂತು ಟೀ ಕುಡಿಯುತ್ತಿದ್ದ. ಕಿಟಕಿಯ ಸಂದಿಯಿಂದ ನೋಡುತ್ತಿದ್ದಳು.

ಈ ವರ್ಷ, ಬೀದಿಗೆ ಹೊಸದಾಗಿ ಬಂದ ಹಣ್ಣಿನಂಗಡಿಯವಳು ಒಂದು ಹಳೆಯ ಶರ್ಟು ತಂದಳು.

"ನಮ್ಮ ವಠಾರದ ಅಜ್ಜೀದು ಕಣೆ. ಯಾರ ಹತ್ರಾನಾದ್ರೂ ಟೈಟ್ ಮಾಡಿಸ್ಕೊಡು ಅಂದ್ರು. ಮಗ ಬರ್ತಾನಂತೆ, ಸೊರಗಿ ಕಡ್ಡಿ ಆಗಿದಾನಂತೆ."

"ಎಲ್ಲಿಂದ ಬರ್ತಾನೆ?"

"ನಂಗೇನು ಗೊತ್ತು? ಹಣ್ಣು ಹಿಸುಕಿ ನೋಡೋರನ್ನೇ ನಾನು ಅಷ್ಟು ವಿಚಾರಿಸಲ್ಲ."

ಅವಳು ಹೋದ ಮೇಲೆ ಟೈಲರಮ್ಮ ಶರ್ಟನ್ನು ಮೇಜಿನ ಮೇಲೆ ಹರವಿದಳು. ಎಡತೋಳು ಅರ್ಧ ಇಂಚು ಉದ್ದ. ಹೊಲಿಗೆ ಗಂಡನದು. ಅಂಥ ಕೈಯಿದ್ದ ಗಿರಾಕಿ ಒಬ್ಬನೇ. ಅವನ ಎರಡು ತೋಳಿಗೂ ಗಂಡ ಬೇರೆ ಬೇರೆ ಅಳತೆ ತೆಗೆಯುತ್ತಿದ್ದ. ಅವಳು ಶರ್ಟನ್ನು ಮಡಚಿಟ್ಟಳು. ಅಂಗಡಿಗೆ ಬೀಗ ಹಾಕಿ ನೇರ ಠಾಣೆಗೆ ಹೋದಳು.

"ನಿಮಗ್ಯಾರು ಹೇಳಿದ್ರು? ಅವನ ಪೆರೋಲ್ ಕಾಗದ ಬಂದಿದ್ದೇ ಇವತ್ತು ಬೆಳಗ್ಗೆ," ಎಂದ ರೈಟರು.

"ಯಾರೋ ಹೇಳಿದ್ರು. ಬರ್ಕೊಳ್ಳಿ ಸಾರ್. ಇವತ್ತು ನನ್ನ ಬಾಯಲ್ಲಿ ಪಿನ್ನಿಲ್ಲ."

ಅವನು ತಲೆ ತಗ್ಗಿಸಿ ಪೆನ್ನು ತೆಗೆದ.

"ಅವನು ಬರೋದು ಬೇಡ. ಮೂವತ್ತು ದಿನ ಅಲ್ಲ, ಮೂರು ದಿನಾನೂ ಬೇಡ."

"ಕಾರಣ?"

"ಅವನು ಹೊರಗಿದ್ರೆ ನಾನು ಒಳಗಿರಬೇಕು ಸಾರ್. ಹೋದ ಸಲ ಇದ್ದೆ."

ಬರೆದದ್ದನ್ನು ಅಕ್ಷರ ಕೂಡಿಸಿ ಎರಡು ಸಲ ಓದಿದಳು. ಸಹಿ ಹಾಕಿದಳು.

ಎರಡು ವಾರಕ್ಕೆ ಅರ್ಜಿ ಬಿದ್ದುಹೋಯಿತು. ಮರುದಿನ ಅವನ ತಾಯಿ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದಳು. ಹೊಸ್ತಿಲಾಚೆಯೇ ನಿಂತಳು.

"ನಿನ್ನಿಂದಲೇ ತಪ್ಪಿತು ಅಂದ್ರು."

"ಹೌದಜ್ಜಿ. ನನ್ನಿಂದಲೇ."

"ನಾನಿನ್ನೆಷ್ಟು ದಿನ ಇರ್ತೀನಮ್ಮ? ಮಗನ ಮುಖ ನೋಡೋದು ಬೇಡವಾ?"

"ನೋಡಬೇಡಿ ಅಂದಿಲ್ಲ ನಾನು. ಜೈಲಲ್ಲಿ ವಾರಕ್ಕೊಂದು ದಿನ ಬಿಡ್ತಾರೆ."

"ಎರಡು ಬಸ್ಸು ಬದಲಾಯಿಸಬೇಕು. ಈ ಮಂಡಿ ಇಟ್ಕೊಂಡು?"

ಟೈಲರಮ್ಮ ಮಿಷನ್ನಿನ ಚಕ್ರವನ್ನು ಸುಮ್ಮನೆ ಎರಡು ಸುತ್ತು ತಿರುಗಿಸಿದಳು. ಮುಂದಿನ ಸಲ ಕೇಳಿದರೂ ಬೇಡವೆಂದೇ ಬರೆಸುತ್ತಾಳೆ. ಅದರಲ್ಲಿ ಎರಡು ಮಾತಿಲ್ಲ.

"ಬಸ್ಸು ನಾನು ಹತ್ತಿಸ್ತೀನಿ. ಗೇಟಿನ ತನಕ ಬರ್ತೀನಿ," ಎಂದಳು. "ಒಳಗೆ ಮಾತ್ರ ಕರೀಬೇಡಿ."

ಮುದುಕಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮಂಡಿ ನೀವಿಕೊಳ್ಳುತ್ತಾ, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದಳು.