ಸರ್ವೆ ಎಂದು ಬರೆದ ಹಾಳೆ

ಲಕ್ಷ್ಮಿದೇವಮ್ಮನಿಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು, ಮಲ್ಲತ್ತಹಳ್ಳಿಯಿಂದ ರಾಜಾಜಿನಗರದ ತನಕ ಬಸ್ಸಿನಲ್ಲಿ ಕೂತು ಆ ಕಿಚ್ಚನ್ನೇ ಊದಿಕೊಂಡು ಬರುತ್ತಿದ್ದಳು.

ಕಾಲೇಜಿನ ಹರ್ಬೇರಿಯಂನಲ್ಲಿ ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಸೂಜಿದಾರದಿಂದ ಹೊಲಿಯುವುದು ಇಪ್ಪತ್ತಮೂರು ವರ್ಷದಿಂದ ಅವಳ ಕೆಲಸ. ಅದಕ್ಕೆ ಮುಂಚೆ ರವಿಕೆ ಹೊಲಿಯುತ್ತಿದ್ದಳು. ಎಲೆ ಬಟ್ಟೆಗಿಂತ ನಾಜೂಕು, ಆದರೆ ಅಳತೆ ಸರಿಯಿಲ್ಲವೆಂದು ಜಗಳಕ್ಕೆ ಬರುವುದಿಲ್ಲ. ಮೇಲಿನವರಾದ ಸೋಮಲಿಂಗಪ್ಪ ಸಾರ್ ಏನು ಬೇಕಾದರೂ "ಲಕ್ಷ್ಮಿದೇವಮ್ಮಾ" ಎಂದೇ ಕೂಗುತ್ತಿದ್ದರು. ಮೂರು ತಿಂಗಳಿಂದ "ನಿಖಿತಾ" ಎನ್ನುತ್ತಾರೆ. ಕುರುಬರಹಳ್ಳಿಯ ಆ ಹುಡುಗಿ ಹಾಳೆಗಳ ಫೋಟೋ ತೆಗೆದು, ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಬಂದವಳು. ಸೂಜಿ ಹಿಡಿಯಲು ಬಾರದು. ಸಾರ್ ಬಾಯಲ್ಲಿ ಮಾತ್ರ ಚಿನ್ನದಂಥ ಹುಡುಗಿ.

ಮಂಗಳವಾರ ಆ ಚಿನ್ನ ಎಡವಿತು. ಕಾಡು ಸೈಪ್ರಸ್ ಮರದ ಹಾಳೆ ಅಲ್ಲಿದ್ದದ್ದೇ ಒಂದು. ಅದನ್ನು ನೈನಿತಾಲಿನ ಬೆಟ್ಟದಿಂದ ತಂದ ಹಿಂದಿನ ಮೇಷ್ಟ್ರು ಚೀಟಿಯಲ್ಲಿ "ಸರ್ವೆ, ತಾನಾಗಿ ಬೆಳೆದದ್ದು" ಎಂದು ಕನ್ನಡದಲ್ಲಿ ಬರೆದಿದ್ದರು. ಅವರಿಗೆ ಸೈಪ್ರಸ್ಸೂ ಸರ್ವೆಯೇ. ಈಗಿನವರಿಗೆ ಸರ್ವೆ ಎಂದರೆ ಗಾಳಿಮರ, ಕಟ್ಟಡ ಕಟ್ಟುವಾಗ ಕಂಬ ನಿಲ್ಲಿಸುವ ಮರ. ನಿಖಿತಾ ಗಾಳಿಮರವೆಂದೇ ಬರೆದು, ಹಾಳೆಯನ್ನು ಗಾಳಿಮರದ ಬೀರುವಿಗೆ ಸೇರಿಸಿದಳು. ಇನ್ನು ಹುಡುಕಿಕೊಂಡು ಬಂದವರಿಗೆ ಅದು ಸಿಕ್ಕ ಹಾಗೆಯೇ!

ಅದರ ಹಳೇ ದಾರ ಬಿಚ್ಚಿ ಮತ್ತೆ ಹೊಲಿದವಳು ಲಕ್ಷ್ಮಿದೇವಮ್ಮ. ದಾರ ಬಿಗಿದರೆ ಗಾಳಿಮರದ ಕಡ್ಡಿ ಗೆಣ್ಣು ಗೆಣ್ಣಾಗಿ ಕಳಚುತ್ತದೆ, ಇದು ಕಳಚಿರಲಿಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಶುಕ್ರವಾರ ಡೆಹ್ರಾಡೂನಿನಿಂದ ಯಾರೋ ಇದೇ ಹಾಳೆ ನೋಡಲು ಬರುವವರಿದ್ದರು. ಬರಲಿ, ಸಾರ್ ಎದುರೇ ಈ ಹುಡುಗಿಯ ಮರ್ಯಾದೆ ಹೋಗಲಿ.

ಗುರುವಾರ ಬೆಳಿಗ್ಗೆ ನಿಖಿತಾ ಕರೆದಳು. "ಆಂಟಿ, ನಿಮ್ಮ ಇನಿಷಿಯಲ್ ಏನು?"

"ಯಾಕೆ?"

"ಹೊಲಿದವರ ಹೆಸರು ಯಾವ ರೆಕಾರ್ಡಲ್ಲೂ ಇಲ್ಲ. ಸಾರ್ ಹತ್ರ ಜಗಳ ಆಡಿ ಒಂದು ಕಾಲಂ ಹಾಕಿಸ್ದೆ. ನೋಡಿ."

ಪರದೆಯ ಮೇಲೆ ಅದೇ ಹಾಳೆ. ಹೆಸರು: ಗಾಳಿಮರ. ಹೊಲಿದವರು: ಲಕ್ಷ್ಮಿದೇವಮ್ಮ. ಇಷ್ಟು ವರ್ಷದಲ್ಲಿ ಹಾಜರಿ ಪುಸ್ತಕ ಬಿಟ್ಟು ಅವಳ ಹೆಸರು ಇನ್ನೆಲ್ಲೂ ಬಂದಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಓದಿದವಳು, ಚಿಕ್ಕ ವಯಸ್ಸಿನವಳು, ಸಾರ್‌ಗೆ ಬೇಕಾದವಳು. ಸಾಲದ್ದಕ್ಕೆ ಒಳ್ಳೆಯವಳೂ ಆಗಬೇಕಿತ್ತೇ ಇವಳು!

"ಎಂ," ಎಂದಳು. ಆಮೇಲೆ ಬೀರುವಿನ ಕಡೆ ನಡೆದಳು.

"ಬಾರೇ ಇಲ್ಲಿ. ಅದು ಗಾಳಿಮರ ಅಲ್ಲ ಕಣೇ. ಸಾರ್ ಬರೋದ್ರೊಳಗೆ ಸರಿ ಮಾಡು."