ರಾಗಿ ಕಣಕ್ಕೆ ಮೂವತ್ತು ತಿದ್ದುಪಡಿ

ನನ್ನ ಹೆಂಡತಿ ಇದುವರೆಗೆ ಒಂದೇ ಒಂದು ಲೇಖನ ಬರೆದಿದ್ದಾಳೆ. ಅವಳು ಎರಡನೆಯದಕ್ಕೆ ಕೈ ಹಾಕದಂತೆ ಮಾಡಿದವರು ಇಬ್ಬರು. ಅವರಲ್ಲಿ ಒಬ್ಬ ನಾನು. ಇನ್ನೊಬ್ಬರನ್ನು ನಾನು ಇಂದಿಗೂ ಕಣ್ಣಾರೆ ನೋಡಿಲ್ಲ.

ಎರಡು ಸಾವಿರದ ಇಸವಿಯ ಈಚಿನ ಆ ವರ್ಷಗಳಲ್ಲಿ ನಾವು ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಬಾಡಿಗೆಗಿದ್ದೆವು. ನಾನು ತುಮಕೂರಿನವನು, ಹೊಸೂರಿನ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಬಂದ ಬಿಡಿಭಾಗವನ್ನು ಅಳೆದು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುವುದು ನನ್ನ ಕೆಲಸ. ಅದು ಸ್ವಭಾವಕ್ಕೂ ಅಂಟಿಕೊಂಡಿತ್ತು. ಹೋಟೆಲಿನ ತಿಂಡಿಪಟ್ಟಿಯಲ್ಲೂ ನನಗೆ ಮೊದಲು ಕಾಣುತ್ತಿದ್ದುದು ತಪ್ಪೇ. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಕನ್ನಡ ವಿಶ್ವಕೋಶವೊಂದಿದೆ ಎಂದು ತಿಳಿದಾಗ ನನಗೆ ಹಬ್ಬವೇ ಆಯಿತು. ಬರೆಯುವ ಗೋಜಿಗೆ ನಾನು ಹೋಗಲಿಲ್ಲ, ತಿದ್ದುತ್ತಾ ಕುಳಿತೆ. ಸಂಬಳವಿಲ್ಲದ ಆ ಕೆಲಸಕ್ಕೆಂದೇ ಮನೆಗೊಂದು ಹಳೆಯ ಕಂಪ್ಯೂಟರ್ ತಂದೆ.

ಅಲ್ಲಿ ನನಗೆ ಗಂಟುಬಿದ್ದವರು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಮೈಸೂರಿನವರೆಂದು ತಮ್ಮ ಪರಿಚಯದಲ್ಲಿ ಬರೆದುಕೊಂಡಿದ್ದರು. ‘ಎದ್ದು, ಸ್ನಾನ ಮಾಡಿ, ಊಟ ಮಾಡಿ, ಹೊರಟನು’ ಎಂದು ಹೆಜ್ಜೆಹೆಜ್ಜೆಗೂ ಅಲ್ಪವಿರಾಮ ಹಾಕಬೇಕು ಎಂಬುದು ಅವರ ವಾದ. ‘ಎದ್ದು’ ಎಂದ ಕೂಡಲೇ ಮುಂದೆ ಇನ್ನೇನೋ ಇದೆ ಎಂದು ಓದುವವನಿಗೆ ಗೊತ್ತಾಗುತ್ತದೆ, ಅಲ್ಪವಿರಾಮ ಏಕೆ ಎಂಬುದು ನನ್ನದು. ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಪ್ರಶ್ನೆಚಿಹ್ನೆಗೆ ಮೊದಲು ಜಾಗ ಬಿಡಬೇಕೋ ಬೇಡವೋ, ಎಲ್ಲದಕ್ಕೂ ನಾವು ಎದುರುಬದುರು. ಅವರು ಬೆಳಗ್ಗೆ ಹಾಕಿದ್ದನ್ನು ನಾನು ಸಂಜೆ ತೆಗೆಯುತ್ತಿದ್ದೆ. ಪ್ರತಿ ಲೇಖನದ ಜೊತೆಗೂ ಒಂದು ಚರ್ಚೆಯ ಪುಟ ಇರುತ್ತಿತ್ತು. ಲೇಖನ ಹತ್ತು ಸಾಲಿದ್ದರೆ ನಮ್ಮ ಜಗಳ ನೂರು ಸಾಲು. ಅವರು ನನ್ನನ್ನು ‘ಮಾನ್ಯರೇ’ ಎಂದೇ ಬೈಯುತ್ತಿದ್ದರು, ನಾನು ‘ಪೂಜ್ಯರೇ’ ಎಂದು ತಿರುಗಿ ಬೈಯುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯ ದಿನಗಳವು.

ಹೆಂಡತಿ ಗಡಿಯಾಚೆ ತಮಿಳುನಾಡಿಗೆ ಸೇರಿದ ಗುಮ್ಮಳಾಪುರದವಳು. ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದೆಲ್ಲ ತಮಿಳು. ಕನ್ನಡದ ಅಕ್ಷರವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಎರಡು ವರ್ಷ ಅತ್ತಿಬೆಲೆಯ ಕಡೆ ಹೊಲಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಳು. ಗಡಿಯ ಜೂಜುವಾಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಕಾಣುವ ಅಂಗಡಿ ಬೋರ್ಡು, ಬಸ್ಸಿನ ಬೋರ್ಡುಗಳನ್ನು ನೋಡಿ ನೋಡಿ ಒಂದೊಂದೇ ಅಕ್ಷರ ಹಿಡಿದುಕೊಂಡಳು. ಬೋರ್ಡಿನಲ್ಲಿ ಅಲ್ಪವಿರಾಮವೂ ಇರುವುದಿಲ್ಲ, ಪೂರ್ಣವಿರಾಮವೂ ಇರುವುದಿಲ್ಲ.

ನಾನು ಪಾಳಿಗೆ ಹೋದ ಮೇಲೆ ಅವಳು ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದುದು ನನಗೆ ತಿಳಿದಿರಲಿಲ್ಲ. ಒಂದು ದಿನ ವಿಶ್ವಕೋಶದಲ್ಲಿ ‘ರಾಗಿ ಕಣ’ ಎಂಬ ಪುಟ ಕಾಣಿಸಿತು. ಹೂವಿನ ಹೆಸರಿಟ್ಟುಕೊಂಡ ಯಾರೋ ಹೊಸಬರು ಬರೆದಿದ್ದರು. ನೆಲ ಕೆತ್ತಿ ನೀರು ಚಿಮುಕಿಸಿ ದನ ತುಳಿಸಿ ಸಗಣಿ ಬಳಿದು ಒಣಗಿಸುವುದು, ನಡುವೆ ಮೇಟಿಕಂಬ ನೆಟ್ಟು ಎತ್ತುಗಳನ್ನು ಸುತ್ತಿಸುವುದು, ಕಾಳನ್ನು ಗಾಳಿಗೆ ತೂರುವುದು, ಎಲ್ಲವೂ ಇತ್ತು. ಇಡೀ ಪುಟದಲ್ಲಿ ಒಂದೇ ಒಂದು ಚುಕ್ಕೆ ಇರಲಿಲ್ಲ. ನನ್ನ ಕೈ ತುರಿಸಿತು.

ಚುಕ್ಕೆ ಇಟ್ಟು ವಾಕ್ಯಗಳನ್ನು ಒಡೆದೆ. ಮರುದಿನ ನೋಡಿದರೆ ಮೇಷ್ಟ್ರು ಉದ್ದಕ್ಕೂ ಅಲ್ಪವಿರಾಮ ಬಿತ್ತಿದ್ದರು. ನಾನು ಕಿತ್ತೆ. ಅವರು ಮತ್ತೆ ಬಿತ್ತಿದರು. ಹೀಗೆ ಎರಡು ವಾರ ನಡೆಯಿತು. ಪುಟಕ್ಕೆ ಮೂವತ್ತು ತಿದ್ದುಪಡಿಗಳಾದವು, ಎಲ್ಲವೂ ನಮ್ಮಿಬ್ಬರವೇ. ಕೊನೆಗೆ ರೇಗಿ ಚರ್ಚೆಯ ಪುಟದಲ್ಲಿ ಬರೆದೆ: ‘ಚುಕ್ಕೆ ಎಲ್ಲಿಡಬೇಕೆಂದೇ ಗೊತ್ತಿಲ್ಲದವರು ಬರೆಯುವ ಸಾಹಸಕ್ಕೆ ಇಳಿಯಬಾರದು.’ ‘ಒಪ್ಪಿದೆ, ಮಾನ್ಯರೇ’ ಎಂದು ಮೇಷ್ಟ್ರು ಉತ್ತರಿಸಿದರು. ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ಮುಂದಿನ ಭಾನುವಾರ ಬೆಳಗ್ಗೆ ಹೆಂಡತಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆಯೇ ಕೇಳಿದಳು:

“ಬರೆಯೋ ಸಾಹಸಕ್ಕೆ ಇಳೀಬಾರ್ದು ಅಂತ ಬರ್ದಿದ್ದೀರಲ್ಲ, ಯಾರಿಗೆ ಹೇಳಿದ್ದು ಅಂತ ಗೊತ್ತಾ ನಿಮ್ಗೆ?”

ಯಾರೋ ಹೊಸಬರಿಗೆ ಎಂದೆ.

“ನಂಗೆ ಹೇಳಿದ್ದು. ಕಣದ್ದು ಬರ್ದಿದ್ದು ನಾನೇ.”

ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀವೇ ಬರ್ದು ಕೊಡ್ತಿದ್ರಿ. ನಿಮ್ ಕೈ ತಾಕದಂಗೆ ನಿಲ್ತದಾ ನೋಡಾನ ಅಂತ ಬರ್ದೆ.”

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ನನಗೆ ಬಹಳ ನಾಚಿಕೆಯಾಯಿತು. ಇನ್ನು ಮುಂದೆ ನಿನ್ನ ಪುಟವನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ, ಇನ್ನೊಂದು ಬರೆ ಎಂದೆ.

“ಮುಟ್ಲಿ ಅಂತ್ಲೇ ನಾನು ಕಾಯ್ತಿದ್ದಿದ್ದು. ಅದ್ರಾಗೆ ಒಂದು ತಪ್ಪು ಬರ್ದ್‌ಬುಟ್ಟಿದ್ದೆ. ಮಾರ್ನೇ ದಿನಾನೇ ನಂಗೆ ಗೊತ್ತಾಯ್ತು. ಅಷ್ಟೊಂದು ಓದ್ಕೊಂಡಿರೋರು ಇದ್ದಾರೆ, ಯಾರಾನಾ ತಿದ್ತಾರೆ ಬುಡು ಅಂತ ಸುಮ್ನಿದ್ದೆ. ನೀವಿಬ್ರೂ ಮೂವತ್ತು ಸಲ ಬಂದ್ರಿ. ಕಣ ಹೆಂಗೆ ಮಾಡ್ತಾರೆ ಅಂತ ಒಬ್ರಾನಾ ಓದಿದ್ರಾ?”

ಯಾವುದು ತಪ್ಪು ಎಂದೆ.

“ತಪ್ಪು ಹುಡ್ಕೋ ಕೆಲ್ಸದಾಗಿರೋರು ನೀವು. ಹುಡುಕ್ರಿ. ಸಿಕ್ಕಿದ್ ದಿನ ಇನ್ನೊಂದು ಬರೀತೀನಿ.”

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಪುಟ ತೆರೆದು ಮೊದಲ ಸಲ ಅದನ್ನು ಓದಿದೆ. ರಾಗಿ ಮುದ್ದೆ ತಿಂದೇ ಬೆಳೆದವನಾದರೂ ಪೇಟೆಯ ಹುಡುಗನಾಗಿದ್ದ ನಾನು ಕಣ ಕಂಡವನಲ್ಲ. ನಾಲ್ಕು ದಿನ ತಿಣುಕಿ ಕಡೆಗೆ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಬರೆದೆ. ಅವರು ಎರಡು ದಿನ ಬಿಟ್ಟು ಉತ್ತರಿಸಿದರು. ಈ ಸಲ ‘ಮಾನ್ಯರೇ’ ಇರಲಿಲ್ಲ. ನನಗೂ ತಿಳಿಯುತ್ತಿಲ್ಲ, ನಿಮ್ಮ ಮನೆಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ ಎಂದಿದ್ದರು. ಕೇಳಿದೆ. ಅವಳು ಆಗಲಿ ಎಂದಳು, ಆದರೆ ತಪ್ಪು ಯಾವುದೆಂದು ಹೇಳಲಿಲ್ಲ.

ಆ ಪುಟ ಈಗಲೂ ಹಾಗೇ ಇದೆ. ಆಮೇಲೆ ಅದನ್ನು ಮೇಷ್ಟ್ರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಆಗಾಗ ತೆರೆದು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದುತ್ತೇನೆ. ಓದಿದಾಗಲೆಲ್ಲ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.