ಬೀಗರಿಗೆ ತೋರಿಸಿದ ಸುಣ್ಣದ ದ್ವೀಪ

ಅಮೆರಿಕದ ಸನ್ನಿವೇಲಿನಲ್ಲಿ ನಮ್ಮವರನ್ನು ಯಾರನ್ನೇ ನನ್ನ ಬಗ್ಗೆ ವಿಚಾರಿಸಿ, "ಅವರು ಹೇಳಿದ್ರಲ್ಲಿ ಅರ್ಧ ಕಳೀರಿ" ಎನ್ನುತ್ತಾರೆ. ಇದು ನನಗೆ ಮಾಡುವ ಅವಮಾನ. ಮುಕ್ಕಾಲು ಕಳೆಯಬೇಕು. ಯುಗಾದಿಯ ದಿನ ಕನ್ನಡ ಸಂಘದ ಅಧ್ಯಕ್ಷರ ಬಟ್ಟಲಿಗೆ ಬೆಲ್ಲವಿಲ್ಲದ ಬರೀ ಬೇವು ಹಾಕಿಕೊಟ್ಟವನು ನಾನು. ಊರಿಂದ ಹೊಸದಾಗಿ ಇಳಿದ ಇಬ್ಬರು ಹುಡುಗರಿಗೆ, ಫ್ರೀವೇ ಹತ್ತುವಾಗ ಹಾರ್ನ್ ಹೊಡೆಯದಿದ್ದರೆ ಪೊಲೀಸರು ಹಿಡಿಯುತ್ತಾರೆ ಎಂದು ಹೇಳಿ, ಒಂದು ವಾರ ಆ ರಸ್ತೆಗೆ ಮಂಡ್ಯ ಬಸ್ ಸ್ಟ್ಯಾಂಡಿನ ಕಳೆ ತಂದವನೂ ನಾನೇ. ಆದರೆ ಇವೆಲ್ಲ ಮಕ್ಕಳಾಟ. ಹಕ್ಕಿ ಹಿಕ್ಕೆಯನ್ನು ಸುಣ್ಣದ ಕಲ್ಲು ಎಂದು ಸುಣ್ಣದ ಪಂಡಿತರೊಬ್ಬರಿಗೆ ತೋರಿಸಿದ್ದು ಮಾತ್ರ ನನ್ನ ಕೈಚಳಕದ ಶಿಖರ. ಆ ಪಂಡಿತರು ನನ್ನ ಬೀಗರು, ಸೊಸೆಯ ತಂದೆ.

ಬೀಗರು ಹಾಸನದ ಕಡೆಯವರು. ಅವರ ತಂದೆ ಗೂಡು ಹಾಕಿ ಸುಣ್ಣ ಸುಡುತ್ತಿದ್ದವರು. ಇವರು ಕಟ್ಟಡದ ಮೇಸ್ತ್ರಿಯಾಗಿ ದುಡಿದು ವಯಸ್ಸಾದ ಮೇಲೆ ಕರಣೆ ಕೆಳಗಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು. ಇರುವುದು ಒಬ್ಬಳೇ ಮಗಳು, ನಮ್ಮ ಸೊಸೆ. ಆಗ ಅವಳಿಗೆ ಎಂಟು ತಿಂಗಳು. ಬಾಣಂತನಕ್ಕೆ ಹೋಗೋಣ ಎಂದರೆ ತಾಯಿ ಇಲ್ಲ. "ಅಪ್ಪನಾದ್ರೂ ಪಕ್ಕದಲ್ಲಿರ್ಲಿ" ಎಂದು ಅವಳೇ ಟಿಕೆಟ್ ಮಾಡಿ ಕರೆಸಿಕೊಂಡಿದ್ದಳು.

ಅದು ಇಂಟರ್ನೆಟ್ ಕಂಪನಿಗಳು ನಾಯಿಕೊಡೆಯಂತೆ ಏಳುತ್ತಿದ್ದ ಡಾಟ್ ಕಾಮ್ ಕಾಲ. ಕಂಪನಿ ಏನು ಮಾರುತ್ತದೆಂದು ಅದರ ಮಾಲೀಕನಿಗೇ ಗೊತ್ತಿರದಿದ್ದರೂ ಆಫೀಸಿನಲ್ಲಿ ಪಿಂಗ್‌ಪಾಂಗ್ ಟೇಬಲ್ಲು ಇರುತ್ತಿತ್ತು. ನನ್ನ ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಮನೆಗೆ. ನಾನು ಅದಕ್ಕೂ ಮೂವತ್ತು ವರ್ಷ ಮೊದಲೇ ಇಲ್ಲಿಗೆ ಬಂದು, ಚಿಪ್ ಮಾಡುವ ಮೆಷಿನ್ನುಗಳಿಗೆ ಬಿಡಿಭಾಗ ಕೊರೆದು ನಿವೃತ್ತನಾದವನು. ಹಾಗಾಗಿ ದಿನವೆಲ್ಲ ಅಪಾರ್ಟ್‌ಮೆಂಟಿನಲ್ಲಿ ಇರುತ್ತಿದ್ದವರು ನಾನು, ನನ್ನ ಹೆಂಡತಿ, ಬೀಗರು. ಬೀಗರಿಗೆ ಕಾರು ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಬೆಳಿಗ್ಗೆ ಎದ್ದು ಅಪಾರ್ಟ್‌ಮೆಂಟಿನ ಗುಲಾಬಿ ಪಾತಿಯ ಸುತ್ತ ಹತ್ತು ಸುತ್ತು ಹಾಕಿ ಬಂದು ಸೋಫಾದ ತುದಿಯಲ್ಲಿ ಕೂರುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಕಳೆ ಏರುತ್ತಿತ್ತು. ಸುಣ್ಣದ ಕಥೆ ಶುರು. "ಒಳ್ಳೆ ಕಲ್ಲಾ ಅಂತ ನೋಡ್ಬೇಕಾದ್ರೆ ಲ್ಯಾಬು ಬೇಡ ಬೀಗ್ರೇ. ಸ್ವಲ್ಪ ಕೆರೆದು ನಿಂಬೆಹುಳಿ ಹಿಂಡಿ. ಬುಸಬುಸ ಅಂತ ನೊರೆ ಬಂದ್ರೆ ಸುಣ್ಣ, ಇಲ್ದಿದ್ರೆ ಬರೀ ಕಲ್ಲು." ಈ ಮಾತನ್ನು ಮೂರು ವಾರದಲ್ಲಿ ಏನಿಲ್ಲೆಂದರೂ ಹತ್ತು ಸಲ ಕೇಳಿದ್ದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಬೀಗರು ಎರಡನೇ ಮುದ್ದೆಗೆ ತಟ್ಟೆ ಒಡ್ಡಿದರು. ಬೀಗರು ಬೀಗರನ್ನು ರೇಗಿಸದಿದ್ದರೆ ನಮ್ಮಲ್ಲಿ ಅದು ಸಂಬಂಧವೇ ಅಲ್ಲ. ಅಂಥಾ ಅವಕಾಶ ನಾನು ಬಿಡುತ್ತೇನೆಯೇ?

"ಅಲ್ಲ ಬೀಗ್ರೇ, ನಮ್ ಮಂಡ್ಯದ ಕಡೆ ಬೀಗರೂಟ ಅಂದ್ರೆ ಒಂದ್ ದಿನ. ನಿಮ್ ಹಾಸನದಲ್ಲಿ ಮೂರ್ ವಾರ ನಡೀತದಾ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಗರೇ. ಮುದ್ದೆಯನ್ನೂ ಪೂರ್ತಿ ಮುಗಿಸಿದರು. ಮಾರನೆಯ ಬೆಳಿಗ್ಗೆ ಮಗನಿಂದ ಫೋನ್ ಮಾಡಿಸಿ ಟಿಕೆಟ್ಟನ್ನು ಮುಂದಿನ ಮಂಗಳವಾರಕ್ಕೆ ಹಾಕಿಸಿಕೊಂಡರು. "ಊರಲ್ಲಿ ಸ್ವಲ್ಪ ಕೆಲಸ ಇದೆ" ಎಂದರು. ಯಾವ ಕೆಲಸ ಎಂದು ಕೇಳಿದರೆ, "ಸ್ವಲ್ಪ ಕೆಲಸ" ಎಂದರು.

ಸೊಸೆ ಅವತ್ತು ಆಫೀಸಿಗೆ ಹೋಗುವಾಗ ಊಟದ ಡಬ್ಬಿ ಮರೆತು ಹೋದಳು. ಅದನ್ನು ನನ್ನ ಮುಂದೆ ಹಿಡಿದು ನನ್ನಾಕೆ, "ನೋಡಿ ನಿಮ್ ಬಾಯಿ ಮಾಡಿದ್ ಕೆಲಸ. ಹೋಗಿ, ಇರಿ ಅಂತ ಒಂದ್ ಮಾತು ಹೇಳಿ ಅವರಿಗೆ" ಎಂದಳು.

"ತಮಾಷೆಗೆಲ್ಲ ಯಾರಾದ್ರೂ ಕ್ಷಮೆ ಕೇಳ್ತಾರೇನೇ? ನೋಡ್ತಿರು, ಟಿಕೆಟ್ನ ಅವರ ಕೈಯಲ್ಲೇ ಕ್ಯಾನ್ಸಲ್ ಮಾಡಿಸ್ತೀನಿ" ಎಂದೆ. ಉಪಾಯ ಇನ್ನೂ ಹೊಳೆದಿರಲಿಲ್ಲ. ಆದರೂ ಮೊದಲು ಜಂಬ ಕೊಚ್ಚಿ ಆಮೇಲೆ ಉಪಾಯ ಹುಡುಕುವುದು ನನ್ನ ಪದ್ಧತಿ.

ಉಪಾಯ ತಾನಾಗಿ ಮನೆಗೆ ಬಂತು. ಸೊಸೆಯ ಕಂಪನಿಯವರು ಶನಿವಾರ ಎಲ್ಲರನ್ನೂ ಮನೆಮಂದಿ ಸಮೇತ ಬೋಟಿನಲ್ಲಿ ಕರೆದೊಯ್ಯುತ್ತಾರಂತೆ. ಸ್ಯಾನ್ ರಫೇಲಿನಿಂದಾಚೆ ಎರಡು ಪುಟ್ಟ ದ್ವೀಪಗಳ ಹತ್ತಿರ ಲಂಗರು ಹಾಕಿ, ಬೇಕಾದವರನ್ನು ಕಯಾಕು ಎಂಬ ಉದ್ದನೆಯ ಸಪೂರ ದೋಣಿಯಲ್ಲಿ ಕೂರಿಸಿ ಅವುಗಳ ಸುತ್ತ ಒಂದು ಸುತ್ತು ಹಾಕಿಸುತ್ತಾರೆ. ಜಾಹೀರಾತಿನ ಕಾಗದದಲ್ಲಿ ದ್ವೀಪದ ಫೋಟೋ ಇತ್ತು. ನೀರಿನ ಮಧ್ಯೆ ಎರಡು ಬಂಡೆ, ತಲೆಯಿಂದ ಸೊಂಟದವರೆಗೆ ಬೆಳ್ಳಗೆ. ಸುತ್ತ ಹಾರುವ ಕಡಲಹಕ್ಕಿಗಳನ್ನು ನೋಡಿದರೆ ಆ ಬಿಳುಪು ಏನೆಂದು ಯಾರಿಗಾದರೂ ಗೊತ್ತಾಗುತ್ತದೆ. ನನಗೂ ಗೊತ್ತಾಯಿತು. ಶುಕ್ರವಾರ ಮಧ್ಯಾಹ್ನ ಬೀಗರು ಮಲಗಿದ್ದಾಗ ಗುಲಾಬಿ ಗಿಡಗಳ ಬುಡಕ್ಕೆ ಹಾಸಿದ್ದ ಬಿಳಿ ಕಲ್ಲುಗಳಲ್ಲಿ ನಾಲ್ಕನ್ನು ಎತ್ತಿ ತಂದೆ. ಅಡುಗೆಮನೆಯ ಸಿಂಕಿನಲ್ಲಿ ಚಾಕುವಿನಿಂದ ಕೆರೆದು ಒಂದೊಂದಕ್ಕೂ ನಿಂಬೆಹುಳಿ ಹಿಂಡಿದೆ. ಮೂರು ಸುಮ್ಮನಿದ್ದವು. ನಾಲ್ಕನೆಯದು ಬುಸ್ ಅಂತು. ಅದಕ್ಕೆ ಮುತ್ತು ಕೊಡುವುದೊಂದು ಬಾಕಿ.

ಶನಿವಾರ ಬೋಟಿನಲ್ಲಿ ನಾವು ಐದು ಜನ. ಮಗ ಮೊಬೈಲು ಹಿಡಿದು ಮೂಲೆ ಸೇರಿದ. ಸೊಸೆ ಕುರ್ಚಿಯಲ್ಲಿ, ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಕಾಯುತ್ತಾ ನನ್ನಾಕೆ. ಬೀಗರು ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಮಫ್ಲರು ಹಾಕಿ, ವಾಂತಿ ಬಾರದಿರಲೆಂದು ಒಂದು ನಿಂಬೆಹಣ್ಣು ಮೂಸುತ್ತ ನಿಂತಿದ್ದರು. ಬಿಸಿಲು ಚೆನ್ನಾಗಿತ್ತು. ಗಾಳಿ ಮಾತ್ರ ಕಿವಿ ಹಿಂಡುತ್ತಿತ್ತು. ದ್ವೀಪಗಳು ಕಂಡ ಕೂಡಲೇ ನಾನು ಹತ್ತು ಜನಕ್ಕೆ ಕೇಳುವ ಹಾಗೆ ಹೇಳಿದೆ: "ನೋಡಿ ಬೀಗ್ರೇ, ಸುಣ್ಣದ ದ್ವೀಪ! ಬುಡದಿಂದ ತುದೀವರೆಗೆ ಸುಣ್ಣದ ಕಲ್ಲು. ನಿಮ್ ತಂದೆಯೋರು ನೋಡಿದ್ರೆ ಇಲ್ಲೇ ಗೂಡು ಹಾಕ್ತಿದ್ರು."

ಬೀಗರು ಕಣ್ಣು ಕಿರಿದು ಮಾಡಿದರು. "ಸುಣ್ಣನೂ ಅಲ್ಲ ಗಿಣ್ಣನೂ ಅಲ್ಲ. ಹಕ್ಕಿ ಹಿಕ್ಕೆ ಅದು."

"ಮೇಲೆ ಹಿಕ್ಕೆ ಇರ್ಬೋದು, ಒಳಗೆ ಸುಣ್ಣ. ಬಾಜಿ ಕಟ್ತೀರಾ?"

"ಏನ್ ಬಾಜಿ?"

"ಸುಣ್ಣದ ಕಲ್ಲಾದ್ರೆ ಮಗು ನಾಮಕರಣ ಆಗೋವರೆಗೂ ನೀವು ಟಿಕೆಟ್ ಮಾತು ಎತ್ತಂಗಿಲ್ಲ. ಅಲ್ದಿದ್ರೆ ಮಂಗಳವಾರ ನಾನೇ ಏರ್‌ಪೋರ್ಟಿಗೆ ಬಿಟ್ ಬರ್ತೀನಿ, ಸೂಟ್‌ಕೇಸ್ ನಾನೇ ಹೊತ್ಕೊಂಡು."

ಸೊಸೆ ನಮ್ಮ ಕಡೆ ತಿರುಗಿದಳು. ಬೀಗರು ಅವಳನ್ನು ನೋಡಿದರು, ಬಂಡೆಯನ್ನು ನೋಡಿದರು, ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು. "ನಡೀರಿ" ಎಂದರು.

ಇಬ್ಬರು ಕೂರುವ ಕಯಾಕು. ಮುಂದೆ ಕೂತವರು ಬರೀ ಹುಟ್ಟು ಹಾಕಬೇಕು, ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಬೇಕು ಎಂದು ಕೆಂಪು ಕೂದಲಿನ ಗೈಡ್ ಹುಡುಗಿ ವಿವರಿಸಿದಳು. ಹಕ್ಕಿಗಳು ಮೊಟ್ಟೆ ಇಟ್ಟಿವೆ, ಬಂಡೆಯ ಹತ್ತಿರ ಹೋಗಬೇಡಿ ಎಂದೂ ಎಚ್ಚರಿಸಿದಳು. ಕಾವೇರಿಯಲ್ಲಿ ಹರಿಗೋಲು ನಡೆಸಿದ ಕೈ ಇದು ಎಂದು ನಾನು ಅವಳಿಗೆ ಹೇಳಿದೆ. ಅದರಲ್ಲಿ ಮುಕ್ಕಾಲು ಕಳೆಯಿರಿ. ಹರಿಗೋಲಿನಲ್ಲಿ ಕೂತಿದ್ದು ನಿಜ, ಅಂಬಿಗನಿಂದ ಹುಟ್ಟು ಇಸಿದುಕೊಂಡು ಎರಡು ನಿಮಿಷ ಆಡಿಸಿದ್ದೂ ನಿಜ. ಲೈಫ್ ಜಾಕೆಟ್ಟಿನ ಜೇಬಿನಲ್ಲಿ ಕಲ್ಲು ಸೇರಿಸಿ ನಾನು ಹಿಂದೆ ಕೂತೆ.

ದುಂಡಗಿನ ಹರಿಗೋಲಿಗೆ ಹುಟ್ಟನ್ನು ಒಂದೇ ಕಡೆ ತಿರುವಬೇಕು. ಅದೇ ಅಭ್ಯಾಸದಲ್ಲಿ ನಾನು ಬಲಗಡೆಯೇ ತಿರುವಿದೆ. ಕಯಾಕು ಎಡಕ್ಕೆ ತಿರುಗಿತು. ಮತ್ತೆ ತಿರುವಿದೆ. ಮತ್ತೆ ಎಡಕ್ಕೆ. ಮೂರು ಸುತ್ತು ಆದ ಮೇಲೆ ಮುಂದಿನಿಂದ ಬೀಗರ ದನಿ ಬಂತು.

"ಎಣ್ಣೆ ಎಷ್ಟು ಬಂತು ಬೀಗ್ರೇ?"

"ಯಾವ ಎಣ್ಣೆ?"

"ಗಾಣ ತಿರುಗಿಸ್ತಿದೀರಲ್ಲ!"

ಇಪ್ಪತ್ತೈದು ದಿನದಲ್ಲಿ ಅವರು ನನ್ನನ್ನು ರೇಗಿಸಿದ್ದು ಅದೇ ಮೊದಲು. ಸೋತು ಅವರ ಮಾತು ಕೇಳಿ, ಒಂದು ಸಲ ಎಡ, ಒಂದು ಸಲ ಬಲ, ಮೇಸ್ತ್ರಿ ಲೆಕ್ಕದಲ್ಲಿ ಹಾಕಿದ ಮೇಲೆ ಕಯಾಕು ನೆಟ್ಟಗೆ ಹೋಯಿತು. ಆದರೆ ಕಡಲಿನ ಇಳಿತದ ನೀರು ನಮ್ಮನ್ನು ಬಂಡೆಯ ಕಡೆಗೇ ಎಳೆಯಿತು. ವಾಸನೆ ಮೂಗಿಗೆ ಬಡಿಯಿತು. ಕಪ್ಪು ಹಕ್ಕಿಗಳು ಕತ್ತು ಉದ್ದ ಮಾಡಿ ನಮ್ಮನ್ನು ಬೈದವು. ಕಯಾಕಿನ ಪಕ್ಕೆ ಬಂಡೆಗೆ ಉಜ್ಜಿದ್ದೇ ತಡ, ನಾನು ಒಂದು ಕೈ ನೀರಿಗೆ ಹಾಕಿ ದೊಡ್ಡದಾಗಿ ತಿಣುಕಿ, "ಸಿಕ್ತು!" ಎಂದು ಕೂಗಿ ಜೇಬಿನ ಕಲ್ಲನ್ನು ಅದ್ದಿ ತೆಗೆದು ಬೀಗರ ಹೆಗಲ ಮೇಲಿಂದ ಮುಂದೆ ಚಾಚಿದೆ. ಅಷ್ಟರಲ್ಲಿ ಗೈಡ್ ಹುಡುಗಿ ಕೂಗಿಕೊಂಡು ಬಂದು, ನಮ್ಮ ಕಯಾಕನ್ನು ಹಗ್ಗದಿಂದ ಆಚೆ ಎಳೆದುಬಿಟ್ಟು, ಮಕ್ಕಳಿಗೆ ಬೈಯುವ ಹಾಗೆ ಬೈದು ಹೋದಳು.

ಅಲೆಯಿಲ್ಲದ ನೀರಿಗೆ ಬಂದ ಮೇಲೆ ಬೀಗರು ಮನೆಯ ಬೀಗದ ಕೈ ತೆಗೆದು ಕಲ್ಲನ್ನು ಕೆರೆದರು. ನಿಂಬೆಹಣ್ಣನ್ನು ಹಲ್ಲಿನಿಂದ ಕಚ್ಚಿ ಹಿಂಡಿದರು. ಬುಸಬುಸ ಎಂದು ನೊರೆ ಬಂತು.

"ಹೆಂಗೆ?" ಎಂದೆ. ಎದೆ ಉಬ್ಬಿ ಲೈಫ್ ಜಾಕೆಟ್ಟು ಬಿಗಿಯಾಯಿತು.

ಬೀಗರು ಹಿಂದೆ ತಿರುಗದೆಯೇ ಕಲ್ಲನ್ನು ಹೊರಳಿಸಿ ನೋಡಿದರು. "ಕಡಲ ಕಲ್ಲಿಗೆ ಪಾಚಿ ಇಲ್ಲ, ಚಿಪ್ಪಿಲ್ಲ. ಒಂದ್ ಕಡೆ ಗೊಬ್ಬರ ಅಂಟಿದೆ."

"ಹಕ್ಕಿ ಗೊಬ್ಬರ."

"ಗುಲಾಬಿ ಗೊಬ್ಬರ ಬೀಗ್ರೇ. ಮೂರ್ ವಾರದಿಂದ ದಿನಾ ಹತ್ತು ಸುತ್ತು ಆ ಪಾತಿ ಸುತ್ತ ತಿರುಗ್ತಿದೀನಿ. ಮಾಡಕ್ಕೆ ಬೇರೆ ಏನ್ ಕೆಲಸ ಇದೆ ನಂಗೆ? ಇವತ್ತು ಬೆಳಿಗ್ಗೆ ನೋಡ್ದೆ, ಮೂಲೆ ಗಿಡದ ಹತ್ರ ನಾಕು ಕಲ್ಲಿನ ಜಾಗ ಖಾಲಿ. ಯಾರಿಗಪ್ಪಾ ಬೇಕಾಯ್ತು ಇದು ಅಂದ್ಕೊಂಡೆ."

ಕಳ್ಳತನ ಸಿಕ್ಕಿಬಿತ್ತು. ನನ್ನ ಹೆಂಡತಿ ಇದನ್ನು ಓದಿದರೆ ಆ ದಿನವನ್ನು ಹಬ್ಬ ಮಾಡುತ್ತಾಳೆ.

"ಅವತ್ತು ಬೀಗರೂಟ ಅಂದ್ರಲ್ಲ" ಎಂದರು.

"ತಮಾಷೆ ಕಣ್ರೀ ಅದು."

"ಗೊತ್ತು. ಊರಲ್ಲಾಗಿದ್ರೆ ನಾನೂ ಎರಡು ಮಾತು ವಾಪಸ್ ಕೊಟ್ಟು, ಸಾಯಂಕಾಲದ ಬಸ್ ಹತ್ತಿ, ನನ್ ಮನೇಗ್ ಹೋಗಿ ಮಲಗ್ತಿದ್ದೆ. ಇಲ್ಲಿ ನಿಮ್ ಮಾತು ಕೇಳಿ ನಿಮ್ ಮನೇಲೇ, ನೀವ್ ಕೊಟ್ ಹಾಸಿಗೇಲೇ ಮಲಗ್ಬೇಕು. ಹೆಣ್ ಕೊಟ್ ಮನೆ. ಮಗಳು ಇರು ಅಂದ್ರೆ ಸಾಲ್ದು ಬೀಗ್ರೇ. ಮನೆ ಯಜಮಾನ ಅನ್ಬೇಕು."

ಅವರ ಮಫ್ಲರಿನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ದೂರದಲ್ಲಿ ಬೋಟಿನ ಕಟಕಟೆ ಹಿಡಿದು ಸೊಸೆ ಎದ್ದು ನಿಂತಿದ್ದಳು. ನಾನು ಈ ಊರಿಗೆ ಬಂದ ಹೊಸದರಲ್ಲಿ ಒಂದು ತಿಂಗಳು ಯಾರದೋ ಮನೆಯ ಸೋಫಾದ ಮೇಲೆ ಮಲಗಿದ್ದೆ. ಅವರು ಒಂದು ಕೊಂಕು ಮಾತನ್ನೂ ಆಡಿರಲಿಲ್ಲ. ಆದರೂ ನಾನು ಪ್ರತಿ ರಾತ್ರಿ ಎರಡನೇ ಸಲ ಅನ್ನ ಬೇಡ ಎನ್ನುತ್ತಿದ್ದೆ. ಅದು ಹೇಗೆ ಮರೆತುಹೋಗಿತ್ತೋ.

"ಇರಿ" ಎಂದೆ.

"ಗಾಳಿ ನೋಡಿ, ಏನೂ ಕೇಳಿಸ್ತಿಲ್ಲ."

"ಇರಿ ಅಂದೆ."

"ಇನ್ನೂ ಸ್ವಲ್ಪ ಜೋರಾಗಿ."

ಕೇಳಿಸಿತ್ತು. ಅವರ ಕಿವಿಯ ಹಿಂದಿನ ಸುಕ್ಕು ನಗುತ್ತಿತ್ತು. ಆದರೆ ಯಾರ ಮುಂದೆಯೂ ಸೋಲದ ನಾನು ಆ ಸಮುದ್ರದ ಮಧ್ಯೆ ಗಂಟಲು ಹರಿಯುವಂತೆ, "ಇರ್ರೀ ಬೀಗ್ರೇ! ಮೊಮ್ಮಗು ಮುಖ ನೋಡ್ಕೊಂಡು ಹೋಗ್ರೀ! ತಪ್ಪಾಯ್ತು!" ಎಂದು ಕೂಗಿದೆ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಎರಡು ಸೀಲು ಪ್ರಾಣಿಗಳು ದಬದಬ ನೀರಿಗೆ ಬಿದ್ದವು. ಯಾರೋ ಮುಳುಗುತ್ತಿದ್ದಾರೆಂದು ಗೈಡ್ ಹುಡುಗಿ ಸೀಟಿ ಊದಿದಳು.

ಬೀಗರು ಕಲ್ಲನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಹುಟ್ಟನ್ನು ಕೈಗೆತ್ತಿಕೊಂಡು, "ಎಡ, ಬಲ, ಎಡ" ಎಂದು ಲೆಕ್ಕ ಹೇಳತೊಡಗಿದರು.

ಬೋಟು ಹತ್ತುತ್ತಿದ್ದಂತೆ ಸೊಸೆ ಕೇಳಿದಳು, "ಅಪ್ಪ, ಏನಾಯ್ತು?"

"ಸುಣ್ಣದ ಕಲ್ಲೇ ಕಣಮ್ಮ" ಎಂದರು ಬೀಗರು, ಮುಖದ ಒಂದು ಗೆರೆಯೂ ಅಲುಗದಂತೆ. "ನಿಮ್ ಮಾವ ಗೆದ್ರು. ಏನ್ ಮಾಡಕ್ಕಾಗುತ್ತೆ, ಇರ್ಬೇಕು."

ಅವಳು ಅಪ್ಪನ ಒದ್ದೆ ತೋಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಮೇಲೆ ಕುರ್ಚಿಯಲ್ಲಿ ಕೂತು, "ಅತ್ತೆ, ಚಿತ್ರಾನ್ನ ಕೊಡಿ, ಹೊಟ್ಟೆ ಹಸೀತಿದೆ" ಎಂದಳು. ನನ್ನಾಕೆ ನನಗೂ ಬಡಿಸಿದಳು, ಕಡಲೆಕಾಯಿ ಜಾಸ್ತಿ ಹಾಕಿ.

ಸನ್ನಿವೇಲಿಗೆ ಬಂದು ಕಾರು ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ಬೀಗರು ಮೊದಲು ಇಳಿದು, ಮೂಲೆಯ ಗುಲಾಬಿ ಗಿಡದ ಬುಡದಲ್ಲಿ ಕಲ್ಲನ್ನಿಟ್ಟು ಕಾಲಿನಿಂದ ಒತ್ತಿದರು. ಒಳ್ಳೆಯ ಮೇಸ್ತ್ರಿ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ಮಟ್ಟ ನೋಡಿದರು. "ಇನ್ನೂ ಮೂರಿದೆ" ಎಂದರು. ನಾನು ಸಿಂಕಿನ ಕೆಳಗೆ ಬಚ್ಚಿಟ್ಟಿದ್ದ ಮೂರನ್ನೂ ತಂದುಕೊಟ್ಟೆ.

ರಾತ್ರಿ ಊಟಕ್ಕೆ ಮುದ್ದೆ. ಬೀಗರು ಒಂದು ಮುಗಿಸಿ, ನನ್ನ ಮುಖವನ್ನೇ ನೋಡುತ್ತ ಎರಡನೆಯದಕ್ಕೆ ತಟ್ಟೆ ಮುಂದೆ ತಳ್ಳಿದರು. ಎಂಥಾ ಒಳ್ಳೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಗೊತ್ತೇ? ಇವತ್ತಿಗೂ ಅದನ್ನು ಯಾರಿಗೂ ಹೇಳಿಲ್ಲ.

"ಏನೋ ಅನ್ನಕ್ಕೆ ಬಾಯ್ ತೆಗೆದ್ರಲ್ಲ ಬೀಗ್ರೇ?" ಎಂದರು.

"ಸಾರು ಹಾಕ್ಲಾ ಅಂದೆ" ಎಂದೆ.